ಗಂಜ್ ಹಿಂದಿನ ರೊಟ್ಟಿ ಊಟ, ಮತ್ತು 80 ರೂಪಾಯಿಯ ಲೆಕ್ಕ

ರಾಯಚೂರಿನಲ್ಲಿ ಜೋಳದ ರೊಟ್ಟಿ ಊಟ ಎಲ್ಲಿ ಚಲೋ ಎಂದು ಯಾರೇ ಕೇಳಿದರೂ ನಾನು ತೋರಿಸುವುದು ರಾಜೇಂದ್ರ ಗಂಜ್ (ನಮ್ಮ ಊರಿನ ಕೃಷಿ ಮಾರುಕಟ್ಟೆ) ಹಿಂದಿನ ಓಣಿಯ ಖಾನಾವಳಿಯನ್ನೇ. ಅದಕ್ಕೆ ಹೆಸರಿನ ಬೋರ್ಡಿಲ್ಲ. ಬಾಗಿಲ ಪಕ್ಕದ ಗೋಡೆಗೆ ‘ಬಿಸಿ ರೊಟ್ಟಿ ಊಟ ಸಿಗುತ್ತದೆ’ ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ, ಅಷ್ಟೇ. ಒಳಗೆ ಆರು ಟೇಬಲ್, ಗೋಡೆಗೆ ತಾಗಿಸಿ ಒಂದು ಉದ್ದನೆಯ ಬೆಂಚು. ನಡೆಸುವವರು ಇಬ್ಬರು ನೆಗೆಣ್ಣಿಯರು. ಗಿರಾಕಿಗಳೆಲ್ಲ ಅವರನ್ನು ದೊಡ್ಡಕ್ಕ, ಸಣ್ಣಕ್ಕ ಎಂದೇ ಕರೆಯುತ್ತಾರೆ. ದೊಡ್ಡಕ್ಕ ಗಲ್ಲೆ ಮತ್ತು ಪಲ್ಯ ನೋಡಿಕೊಳ್ಳುತ್ತಾರೆ, ಸಣ್ಣಕ್ಕ ಒಲೆಯ ಮುಂದೆ.

ನಾನು ಗಂಜ್‌ನ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಗುಮಾಸ್ತ. ರೈತರು ತಂದ ಹತ್ತಿ, ತೊಗರಿ, ಶೇಂಗಾ ಮಾರಾಟದ ಪಟ್ಟಿ ಬರೆಯುವುದು ನನ್ನ ಕೆಲಸ. ಇವರ ಲೆಕ್ಕವನ್ನೂ ಬಿಡುವಿನಲ್ಲಿ ನೋಡಿಕೊಡುತ್ತೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊಟಕ್ಕೆ ಮಾತ್ರ ಎಲ್ಲರಂತೆ ದುಡ್ಡು ಕೊಟ್ಟೇ ಕೂರುತ್ತೇನೆ.

ಮೊದಲು ಊಟದ ಮಾತು. ರೊಟ್ಟಿ ನಿಮ್ಮ ಕಣ್ಣೆದುರಿಗೇ ಆಗುತ್ತದೆ. ಕುದಿಯುವ ಎಸರು ಹಾಕಿ ಹಿಟ್ಟು ಕಲಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ಬಡಿಯತೊಡಗಿದರೆ ರೊಟ್ಟಿ ಕೈಯ ಕೆಳಗೆ ತಾನಾಗಿಯೇ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಆ ನೀರು ಪೂರ್ತಿ ಆರುವ ಮುಂಚೆ ಮಗುಚಬೇಕು, ತಡವಾದರೆ ಬಿರುಕು ಬಿಡುತ್ತದೆ. ಸಣ್ಣಕ್ಕನ ಕೈಯಲ್ಲಿ ಬಿರುಕು ಬಿಟ್ಟ ರೊಟ್ಟಿ ನಾನು ಕಂಡಿಲ್ಲ. ಕೊನೆಗೆ ನೇರ ಉರಿಗೆ ಹಿಡಿದಾಗ ರೊಟ್ಟಿ ಪೂರ್ತಿ ಉಬ್ಬಿ, ತಟ್ಟೆಗೆ ಬಿದ್ದಾಗ ಉಸ್ಸೆಂದು ಇಳಿಯುತ್ತದೆ. ಬೆರಳು ಸುಟ್ಟರೂ ಆಗಲೇ ಮುರಿಯಬೇಕು.

ಜೊತೆಗೆ ಪುಂಡಿಪಲ್ಯ. ಇಲ್ಲಿಯ ಪುಂಡಿಪಲ್ಯಕ್ಕೆ ಜೋಳದ ನುಚ್ಚು, ಕಡಲೆಬೇಳೆ ಬೀಳುತ್ತದೆ, ಬೆಳ್ಳುಳ್ಳಿ ಒಗ್ಗರಣೆ ಧಾರಾಳ. ಹುಳಿ ನಾಲಿಗೆಗೆ ಹತ್ತುತ್ತದೆ, ಹಲ್ಲಿಗೆ ಹತ್ತುವುದಿಲ್ಲ. ದಿನ ಬಿಟ್ಟು ದಿನ ಬದನೆಕಾಯಿ ಎಣ್ಣೆಗಾಯಿ, ಉಳಿದ ದಿನ ಹೆಸರುಕಾಳು ಅಥವಾ ಮಡಿಕಿಕಾಳು. ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಸಿಕ್ಕ ದಿನ ಹಕ್ಕರಕಿ ಸೊಪ್ಪು. ಮೂರು ರೊಟ್ಟಿ, ಎರಡು ಪಲ್ಯ, ಬ್ಯಾಳಿ, ಒಂದು ಬಟ್ಟಲು ಅನ್ನ, ಮಜ್ಜಿಗೆ ಸೇರಿ 80 ರೂಪಾಯಿ. ಹೆಚ್ಚಿನ ರೊಟ್ಟಿಗೆ 12, ಶೇಂಗಾ ಹೋಳಿಗೆಗೆ 15.

ಕೊರತೆಗಳೂ ಇವೆ. ಅನ್ನ ಬೆಳಗ್ಗೆಯೇ ಮಾಡಿಟ್ಟಿರುತ್ತಾರೆ, ಮಧ್ಯಾಹ್ನ ಒಂದೂವರೆಯ ಮೇಲೆ ಅದು ಒಣಗಿರುತ್ತದೆ. ಬ್ಯಾಳಿ ಒಮ್ಮೊಮ್ಮೆ ನೀರು. ಕೈ ತೊಳೆಯುವ ಜಾಗ ಹೊರಗಿನ ಚರಂಡಿಯ ಪಕ್ಕ, ಬೇಸಿಗೆಯಲ್ಲಿ ಅಲ್ಲಿ ನಿಲ್ಲಲಾಗುವುದಿಲ್ಲ. ಫ್ಯಾನ್ ಎರಡೇ. ಏಪ್ರಿಲ್, ಮೇ ತಿಂಗಳ ರಾಯಚೂರಿನ ಬಿಸಿಲನ್ನು ಬಲ್ಲವರಿಗೆ ಒಲೆಯ ಹತ್ತಿರದ ಟೇಬಲ್ ಬೇಡ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನನ್ನ ಕೆಲಸದ ಮಾತು, ಲೆಕ್ಕ. ಈ ಖಾನಾವಳಿಯ ಗಲ್ಲೆ ನೋಡಿದರೆ ಬೆಂಗಳೂರು, ದಿಲ್ಲಿಯಲ್ಲಿ ಆದ ತೀರ್ಮಾನಗಳು ನಮ್ಮ ಊರಿಗೆ ಬಂದು ಯಾರ ತಟ್ಟೆಗೆ ಏನು ಹಾಕಿದವು, ಏನು ತೆಗೆದವು ಎಂಬುದು ಗೊತ್ತಾಗುತ್ತದೆ. ಟಿವಿಯ ಚರ್ಚೆಗಿಂತ ಈ ಗಲ್ಲೆಯ ಮೇಲೆ ನನಗೆ ನಂಬಿಕೆ ಹೆಚ್ಚು.

ದಿನಕ್ಕೆ ಸುಮಾರು 90 ಊಟ ಹೋಗುತ್ತವೆ. ರಜೆ ಕಳೆದು ವರ್ಷಕ್ಕೆ 300 ದಿನ ಎಂದು ಹಿಡಿಯಿರಿ. 80 ರೂಪಾಯಿಯಂತೆ 21 ಲಕ್ಷ 60 ಸಾವಿರ. ಊಟ ಬಡಿಸುವುದು ಜಿಎಸ್‌ಟಿ ಲೆಕ್ಕದಲ್ಲಿ ಸೇವೆ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿತೆಂದರೆ ನೋಂದಣಿ ಕಡ್ಡಾಯ. ಸರಕು ಮಾರುವವರಿಗೆ ಆ ಮಿತಿಯನ್ನು 2019ರ ಏಪ್ರಿಲ್‌ನಿಂದ 40 ಲಕ್ಷಕ್ಕೆ ಏರಿಸಿದರು. ಸೇವೆಯ ಮಿತಿ 2017ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ. 2017ರಲ್ಲಿ ಇಲ್ಲಿ ಊಟ 45 ರೂಪಾಯಿ ಇತ್ತು. ಇಷ್ಟೇ ಊಟಕ್ಕೆ ಆಗಿನ ವಹಿವಾಟು 12 ಲಕ್ಷದ ಆಸುಪಾಸು. ಅಂದರೆ ಈ ನೆಗೆಣ್ಣಿಯರು ಒಂದು ತಟ್ಟೆ ಹೆಚ್ಚು ಮಾರದಿದ್ದರೂ ಮಿತಿ ದಾಟುತ್ತಿದ್ದರು. ಬೇಳೆ, ಎಣ್ಣೆ, ಗ್ಯಾಸ್ ಏರಿದ್ದಕ್ಕೆ ಊಟದ ದರ ಏರಿಸಿದರು, ಅಷ್ಟಕ್ಕೇ ಸರ್ಕಾರದ ಕಣ್ಣಿಗೆ ದೊಡ್ಡ ವ್ಯಾಪಾರಿಗಳಾದರು. ಬೆಲೆ ಏರಿದಂತೆ ಮಿತಿಯೂ ಏರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರವೂ ಇದೆ, ಎಲ್ಲ ರಾಜ್ಯಗಳೂ ಇವೆ. ಯಾವ ಪಕ್ಷದವರೂ ಇದರಿಂದ ಕೈ ತೊಳೆದುಕೊಳ್ಳುವಂತಿಲ್ಲ.

2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿದೆ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಹೋದ ಸುದ್ದಿ ಬಂದ ದಿನ ಗಂಜ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ದೊಡ್ಡಕ್ಕ ಅವತ್ತೇ ಫೋನ್‌ಪೇ ಡಬ್ಬಿ ಬಿಚ್ಚಿ ಕಪಾಟಿನಲ್ಲಿಟ್ಟರು.

“ಯಣ್ಣಾ, ನೋಟೀಸು ನಮಗೂ ಬರ್ತೈತೇನು? ಮನಿ ಮಾರಿದ್ರೂ ಅಷ್ಟು ರೊಕ್ಕ ಹುಟ್ಟಂಗಿಲ್ಲ” ಎಂದರು. ಬಡಿಸುವ ಸೌಟು ಕೈಯಲ್ಲೇ ಇತ್ತು, ಕೈ ನಡುಗುತ್ತಿತ್ತು.

ಜುಲೈ ಕೊನೆಯ ಹೊತ್ತಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಅದು ಒಳ್ಳೆಯ ಮಾತು, ಆದರೆ ಮೊದಲೇ ಬರಬೇಕಿತ್ತು. ನಡುವಿನ ದಿನಗಳಲ್ಲಿ ರಾಜ್ಯದವರು ಕೇಂದ್ರದ ಕಾಯ್ದೆ ಎಂದರು, ಕೇಂದ್ರದವರು ರಾಜ್ಯದ ನೋಟಿಸ್ ಎಂದರು. ಓಣಿಯ ಖಾನಾವಳಿಯವರಿಗೆ ಕಾಯ್ದೆ ಯಾರದು, ಕಾಗದ ಯಾರದು ಎಂಬುದರಿಂದ ಏನಾಗಬೇಕು? ನೋಟಿಸಿನ ಬದಲು ಒಂದು ದಿನ ಗಂಜ್‌ಗೆ ಬಂದು ಕುಳಿತು ತಿಳಿಸಿ ಹೇಳಿದ್ದರೆ ಇಷ್ಟು ಹೆದರಿಕೆ ಹಬ್ಬುತ್ತಿರಲಿಲ್ಲ.

ನಾನು ಅವರನ್ನು ನಮ್ಮ ಅಂಗಡಿಯ ಆಡಿಟರ್ ಹತ್ತಿರ ಕರೆದೊಯ್ದೆ. ಈಗ ರಾಜಿ ತೆರಿಗೆ ಪದ್ಧತಿಯಲ್ಲಿ ನೋಂದಣಿಯಾಗಿದೆ, ಕಾಂಪೋಸಿಷನ್ ಎನ್ನುತ್ತಾರಲ್ಲ, ಅದು. ವಹಿವಾಟಿನ 5 ಪ್ರತಿಶತ ಕಟ್ಟಬೇಕು, ಮೂರು ತಿಂಗಳಿಗೊಮ್ಮೆ. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. 80 ರೂಪಾಯಿಯ ಊಟದಲ್ಲಿ 4 ರೂಪಾಯಿ ಹೋಯಿತು. ವರ್ಷಕ್ಕೆ ಒಂದು ಲಕ್ಷದ ಮೇಲೆ. ಡಬ್ಬಿ ಮತ್ತೆ ಗೋಡೆಗೆ ಬಂದಿದೆ, ಫೋನಿನಿಂದ ಕೊಟ್ಟರೂ ನಡೆಯುತ್ತದೆ, ನೋಟು ಕೊಟ್ಟರೂ ನಡೆಯುತ್ತದೆ. ತೆರಿಗೆ ಕಟ್ಟುವುದಕ್ಕೆ ದೊಡ್ಡಕ್ಕನ ತಕರಾರಿಲ್ಲ. “ಕಟ್ಟೂದು ಕಟ್ತೀವ್ರೀ, ಹೆದರ್ಸೂದು ಬಿಡ್ರಿ ಅಂತ ಹೇಳ್ರಿ” ಎನ್ನುತ್ತಾರೆ. ನನ್ನ ಅಭಿಪ್ರಾಯವೂ ಅದೇ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಇಳಿಸಿದರಲ್ಲ, ಅದರಿಂದ ಇವರಿಗೇನು ಸಿಕ್ಕಿತು ಎಂದು ಕೂತು ನೋಡಿದೆ. ಸಾಬೂನು, ತುಪ್ಪ ಅಗ್ಗವಾದವು. ಅದು ಮನೆಗೆ ಒಳ್ಳೆಯದು, ನಮ್ಮ ಮನೆಯಲ್ಲೂ ಫರಕು ಕಂಡಿದೆ. ಟ್ರ್ಯಾಕ್ಟರ್ 12ರಿಂದ 5ಕ್ಕೆ ಬಂದದ್ದನ್ನು ರೈತರು ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಖಾನಾವಳಿಯ ದೊಡ್ಡ ಖರ್ಚು 19 ಕಿಲೋ ಸಿಲಿಂಡರ್. ಅದರ ಮೇಲೆ 18 ಪ್ರತಿಶತ ಇದ್ದದ್ದು ಇದ್ದಂತೆಯೇ ಇದೆ. ಮನೆಯ ಸಿಲಿಂಡರಿಗೆ 5. ದೊಡ್ಡ ಕಾರ್ಖಾನೆ ತಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಮುರಿದುಕೊಳ್ಳುತ್ತದೆ. ಇವರಿಗೆ ಆ ದಾರಿ ಇಲ್ಲ. ಗ್ಯಾಸಿನ 18 ಅವರೇ ತಿನ್ನಬೇಕು, ಮೇಲೆ ಊಟದ 5 ಅವರೇ ಕಟ್ಟಬೇಕು. ತಿಂಗಳ ಮೊದಲ ತಾರೀಖು ಸಿಲಿಂಡರ್ ದರ ಎಷ್ಟಾಯಿತೆಂದು ಸಣ್ಣಕ್ಕ ಮೊದಲು ಕೇಳುತ್ತಾರೆ, ಆಮೇಲೆ ಒಲೆ ಹಚ್ಚುತ್ತಾರೆ. ಕರೆಂಟಿನ ಕಥೆಯೂ ಅಷ್ಟೇ. ಗೃಹಜ್ಯೋತಿ ಮನೆಗೆ ಮಾತ್ರ, ಖಾನಾವಳಿಯದು ವಾಣಿಜ್ಯ ಮೀಟರ್. ಶಕ್ತಿನಗರದ ಚಿಮಣಿಯ ಬೂದಿ ನಮ್ಮ ಜಿಲ್ಲೆಯ ಮೇಲೆ 1985ರಿಂದ ಬೀಳುತ್ತಿದೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜಿಲ್ಲೆಯ ಸಣ್ಣ ಅಂಗಡಿಗೆ ಯೂನಿಟ್‌ಗೆ ಒಂದೆರಡು ರೂಪಾಯಿ ಬಿಡಲಾಗದೇ?

ಗ್ಯಾರಂಟಿಗಳನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರು ನಮ್ಮ ಗಂಜ್‌ನಲ್ಲೂ ಇದ್ದಾರೆ. ಅವರನ್ನು ನಾನು ಈ ಖಾನಾವಳಿಯ ಗೋಡೆಯ ಬೆಂಚಿಗೆ ಕರೆಯುತ್ತೇನೆ. ಮೊದಲು ಇಲ್ಲಿ ಉಣ್ಣಲು ಕೂರುತ್ತಿದ್ದವರು ಗಂಡಸರು ಮಾತ್ರ: ಹಮಾಲರು, ರೈತರು, ಲಾರಿಯವರು. ಊರಿಗೆ ಬಂದ ಹೆಣ್ಣುಮಕ್ಕಳು ಬುತ್ತಿ ತರುತ್ತಿದ್ದರು, ಇಲ್ಲವೇ ಉಪವಾಸ ಹಿಂದಿರುಗುತ್ತಿದ್ದರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಆ ಬೆಂಚನ್ನು ದೊಡ್ಡಕ್ಕ ಮಾಡಿಸಿದ್ದು ಅದೇ ವರ್ಷ ದಸರಾ ಹೊತ್ತಿಗೆ. ಈಗ ಸಿರವಾರದಿಂದ, ಮಾನ್ವಿಯಿಂದ, ದೇವದುರ್ಗದಿಂದ ರಿಮ್ಸ್ ಆಸ್ಪತ್ರೆಗೋ ಸಂತೆಗೋ ಬಂದವರು ಅಲ್ಲಿ ಸಾಲಾಗಿ ಕುಳಿತು ಉಣ್ಣುತ್ತಾರೆ. ಒಂದು ದಿನ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದು ಬಂದು ಕುಳಿತವರೇ, ಯಾರೂ ಕೇಳದಿದ್ದರೂ ಹೇಳಿದರು: “ಬಸ್ಸಿನ ರೊಕ್ಕ ಉಳೀತವ್ವಾ, ಉಂಡು ಹೋಗೂಣಂತ ಬಂದೀವಿ.” ಬಸ್ಸಿನಲ್ಲಿ ಉಳಿದ ದುಡ್ಡು ನಮ್ಮ ಓಣಿಯಲ್ಲೇ ಖರ್ಚಾಯಿತು. ಪುಂಡಿಸೊಪ್ಪು ತಂದುಕೊಡುವ ಮುದುಕನಿಗೆ ಹೋಯಿತು, ಗಿರಣಿಯವನಿಗೆ ಹೋಯಿತು, ಪಾತ್ರೆ ತೊಳೆಯುವ ಹುಡುಗಿಯ ಪಗಾರಕ್ಕೆ ಹೋಯಿತು. ಇದನ್ನು ಬಿಟ್ಟಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಎಲ್ಲವೂ ಸರಿ ಇದೆ ಎನ್ನುತ್ತಿಲ್ಲ. 2025ರ ಜನವರಿ 5ರಿಂದ ಬಸ್ ದರ 15 ಪ್ರತಿಶತ ಏರಿತು. ಮಹಿಳೆಯರಿಗೆ ಬಿಟ್ಟ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ಹೊತ್ತಿಗೆ ಸರಿಯಾಗಿ ತುಂಬಬೇಕು, ಹೊಸ ಬಸ್ಸು ಬಿಡಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ನಮ್ಮ ಮನೆಗೂ ಬರುತ್ತದೆ, ಅದರಿಂದ ಮನೆ ಸಾಗುವುದು ಹಗುರಾಗಿದೆ. ಆದರೆ 2025ರ ಫೆಬ್ರುವರಿ, ಮಾರ್ಚ್ ಕಂತುಗಳು ಪಾವತಿಯಾಗಿಲ್ಲ ಎಂದು ಬೆಳಗಾವಿ ಅಧಿವೇಶನದಲ್ಲಿ ಸಚಿವರೇ ಒಪ್ಪಿಕೊಳ್ಳಬೇಕಾಯಿತು. ಆ ದುಡ್ಡು ನಂಬಿ ಚೀಟಿ ಹಾಕಿದ ಹೆಣ್ಣುಮಕ್ಕಳಿದ್ದಾರೆ, ಶಾಲೆಯ ಫೀ ಕಟ್ಟುವವರಿದ್ದಾರೆ. ಕೊಡುತ್ತೇವೆ ಎಂದ ಮೇಲೆ ತಾರೀಖಿಗೆ ಕೊಡಬೇಕು.

ಇಷ್ಟಾದರೂ ಖಾನಾವಳಿ ನಿಂತಿರುವುದು ಬೆಳೆಯ ಬೆಲೆಯ ಮೇಲೆ. ಇದನ್ನು ನಾನು ನೋಡಿದ್ದು ಹೋಳಿಗೆಯ ಡಬ್ಬಿಯಲ್ಲಿ. ಹತ್ತಿಗೆ ಚಲೋ ರೇಟು ಸಿಕ್ಕ ವರ್ಷ, ಪಟ್ಟಿ ಕೈಗೆ ಬಂದ ರೈತ ಊಟದ ಮೇಲೆ ಒಂದು ಹೋಳಿಗೆ ತಿಂದು, ನಾಲ್ಕು ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತಾನೆ. ಗದ್ವಾಲ, ಮಕ್ತಲ್ ಕಡೆಯಿಂದ ಹತ್ತಿ ತಂದ ತೆಲುಗು ರೈತರೂ ಹಾಗೇ. ಮಧ್ಯಾಹ್ನ ಎರಡಕ್ಕೆ ಡಬ್ಬಿ ಖಾಲಿ. 2025ರ ಹಂಗಾಮಿನಲ್ಲಿ ಸಂಜೆಯವರೆಗೂ ಡಬ್ಬಿಯಲ್ಲಿ ಹೋಳಿಗೆ ಉಳಿಯುತ್ತಿದ್ದವು. ನವೆಂಬರಿಗೆ ದೊಡ್ಡಕ್ಕ ಹೂರಣ ಅರ್ಧಕ್ಕೆ ಇಳಿಸಿದರು. ಇಬ್ಬರು ರೈತರು ಒಂದು ಊಟ ಹೇಳಿ, ಎರಡು ರೊಟ್ಟಿ ಹೆಚ್ಚಿಗೆ ತೆಗೆದುಕೊಂಡು ಹಂಚಿ ತಿಂದದ್ದನ್ನೂ ಕಂಡೆ. ಅವರಲ್ಲಿ ಒಬ್ಬರ ಪಟ್ಟಿ ಬೆಳಗ್ಗೆ ನಾನೇ ಬರೆದಿದ್ದೆ.

ಕಾರಣ ನಮ್ಮ ಗಂಜ್‌ನಲ್ಲಿ ಇರಲಿಲ್ಲ. ಅಮೆರಿಕ ನಮ್ಮ ಬಟ್ಟೆಯ ಮೇಲೆ 50 ಪ್ರತಿಶತ ಸುಂಕ ಹಾಕಿತು. ಬಟ್ಟೆ ಗಿರಣಿಗಳಿಗೆ ಅನುಕೂಲವಾಗಲಿ ಎಂದು ಕೇಂದ್ರ ಸರ್ಕಾರ 2025ರ ಆಗಸ್ಟ್ 19ರಿಂದ ಹತ್ತಿ ಆಮದಿನ 11 ಪ್ರತಿಶತ ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ಆಮೇಲೆ ಡಿಸೆಂಬರ್ 31ರವರೆಗೆ ಎಳೆದರು. ನಮ್ಮ ರೈತ ಹತ್ತಿ ಬಿಡಿಸಿ ಗಂಜ್‌ಗೆ ತರುವುದೇ ಅಕ್ಟೋಬರ್‌ನಿಂದ ಡಿಸೆಂಬರ್. ಗಿರಣಿಯ ಕಷ್ಟ ನಿಜ ಇರಬಹುದು, ಅಲ್ಲಿಯೂ ಕೂಲಿಯವರಿದ್ದಾರೆ. ಆದರೆ ಅದರ ಭಾರವನ್ನು ಸರಿಯಾಗಿ ಬಿಡಿಸುವ ತಿಂಗಳುಗಳಲ್ಲೇ ರೈತನ ಹೆಗಲಿಗೆ ಹಾಕಿದ್ದು ನ್ಯಾಯವಲ್ಲ. ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರು. ಹೊರಗಿನ ರೇಟು ಅದರ ಕೆಳಗೇ ಓಡಿತು. ಬೆಂಬಲ ಬೆಲೆಗೆ ಕೊಳ್ಳುವ ಹತ್ತಿ ನಿಗಮಕ್ಕೆ ಮಾರಲು ಮೊಬೈಲ್ ಆ್ಯಪ್‌ನಲ್ಲಿ ಹೆಸರು ಬರೆಸಬೇಕು, ತೇವಾಂಶ 12 ಪ್ರತಿಶತ ಮೀರಬಾರದು. ಮಳೆಯಲ್ಲಿ ತೊಯ್ದ ಹತ್ತಿ ಹಿಡಿದು, ಸಾಲದವರು ಮನೆ ಬಾಗಿಲಿಗೆ ಬರುವಾಗ, ಯಾವ ರೈತ ಕಾಯುತ್ತಾನೆ?

ಸುಂಕದ ವಿಷಯದಲ್ಲಿ ನಾನು ಒಂದೇ ಮಾತಿನವನು. 2024ರ ಸೆಪ್ಟೆಂಬರ್‌ನಲ್ಲಿ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿದಾಗ ಇದೇ ಖಾನಾವಳಿಯ ಎಣ್ಣೆ ಖರ್ಚು ಏರಿತು, ಎಣ್ಣೆಗಾಯಿ ಕೆಲಕಾಲ ವಾರಕ್ಕೆ ಎರಡೇ ದಿನ ಆಯಿತು. ಆಗ ನಾನು ದೂರಲಿಲ್ಲ. ಸೂರ್ಯಕಾಂತಿ, ಶೇಂಗಾ ಬೆಳೆಯುವವರೂ ಇಲ್ಲೇ ಉಣ್ಣುವವರು. ಅವರಿಗೆ ರೇಟು ಸಿಕ್ಕರೆ ಆ ದುಡ್ಡು ಇದೇ ಗಲ್ಲೆಗೆ ತಿರುಗಿ ಬರುತ್ತದೆ. 2025ರ ಮೇ ಕೊನೆಯಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕವನ್ನು 20 ಪ್ರತಿಶತದಿಂದ 10ಕ್ಕೆ ಇಳಿಸಿದರು. ಪೇಟೆಯವರು ಖುಷಿಪಟ್ಟರು, ನಾನು ಪಡಲಿಲ್ಲ.

2025-26ರಲ್ಲಿ ಮಾನ್ವಿ, ಸಿಂಧನೂರಿನ ಗಿರಾಕಿಗಳೂ ಕೈ ಬಿಗಿ ಹಿಡಿದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿ ಹೋದ ಮೇಲೆ ಎಲ್ಲ ಗೇಟ್ ಬದಲಿಸುವ ಕೆಲಸ ಹಿಡಿದು, ಎರಡನೇ ಬೆಳೆಗೆ ನೀರಿಲ್ಲ ಎಂದರು. ಗೇಟ್ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೆಳೆ ಬಿಟ್ಟ ಸಂಸಾರಕ್ಕೆ ಪರಿಹಾರವನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಬೇಕಿತ್ತು.

ಪಡಿತರದ ಬಗ್ಗೆ ಸಣ್ಣಕ್ಕನ ಮಾತು ನನ್ನದೂ ಹೌದು. ಒಬ್ಬರಿಗೆ ತಿಂಗಳಿಗೆ 10 ಕಿಲೋ ಅಕ್ಕಿ ಎಂಬುದು ಹಸಿದವರಿಗೆ ದೊಡ್ಡ ಆಸರೆ. 2023ರಲ್ಲಿ ಕೇಂದ್ರ ಅಕ್ಕಿ ಮಾರಲು ಒಪ್ಪದೆ, ರಾಜ್ಯ ತಲೆಗೆ 170 ರೂಪಾಯಿ ಖಾತೆಗೆ ಹಾಕಿ, 2025ರಲ್ಲಿ ಮತ್ತೆ ಅಕ್ಕಿಗೇ ಬಂದಿತು. 2025ರ ಅಕ್ಟೋಬರ್‌ನಲ್ಲಿ ಹೆಚ್ಚುವರಿ 5 ಕಿಲೋ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವ ತೀರ್ಮಾನವಾಯಿತು. ಬೇಳೆ, ಎಣ್ಣೆ ಒಳ್ಳೆಯದೇ. ಆದರೆ ರೊಟ್ಟಿ ತಿಂದು ಬೆಳೆದ ನಾಡಿಗೆ ಜೋಳ ಯಾಕೆ ತಿಂಗಳು ತಿಂಗಳು ಕೊಡಬಾರದು? ಮಾಲ್ದಂಡಿ ಜೋಳಕ್ಕೆ 2025-26ರಲ್ಲಿ ಕ್ವಿಂಟಲ್‌ಗೆ 3,749 ರೂಪಾಯಿ ಬೆಂಬಲ ಬೆಲೆ ಇತ್ತು. ನಮ್ಮ ತಾಲೂಕುಗಳ ಜೋಳ ಕೊಂಡು ನಮ್ಮ ಸೊಸೈಟಿಗಳಲ್ಲೇ ಕೊಟ್ಟರೆ ರೈತನಿಗೂ ಬೆಲೆ, ಮನೆಗೂ ರೊಟ್ಟಿ. “ಅಕ್ಕಿ ತಿಂದ ಹಮಾಲ ಎರಡು ತಾಸಿಗೆ ಮತ್ತ ಹಸಿವು ಅಂತಾನ, ರೊಟ್ಟಿ ತಿಂದವ ಸಂಜಿತನಕ ಚೀಲ ಹೊರ್ತಾನ” ಎನ್ನುತ್ತಾರೆ ಸಣ್ಣಕ್ಕ. ಇಲ್ಲಿ ಬಡಿಸುವುದು ಬಿಳಿಜೋಳವೇ. ಕಿಲೋ ಹಿಟ್ಟಿಗೆ ಹದಿಮೂರು, ಹದಿನಾಲ್ಕು ರೊಟ್ಟಿ ಆಗುತ್ತವೆ. ಅಗ್ಗದ ಹೈಬ್ರಿಡ್ ಬೆರೆಸಿದರೆ ಉಳಿತಾಯ, ಆದರೂ ಬೆರೆಸುವುದಿಲ್ಲ.

ಯುಗಾದಿಯಿಂದ ಊಟಕ್ಕೆ 90 ಮಾಡುತ್ತಾರಂತೆ. ದೊಡ್ಡಕ್ಕ ನನ್ನನ್ನು ಕೂರಿಸಿ ಕೇಳಿದಾಗ ಮಾಡಿರೆಂದು ಹೇಳಿದವನು ನಾನೇ. ಆ 10 ರೂಪಾಯಿಯಲ್ಲಿ ಎಂಟಾಣೆ ತೆರಿಗೆಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಗ್ಯಾಸಿಗೆ, ಬೇಳೆಗೆ, ಪಾತ್ರೆ ತೊಳೆಯುವ ಹುಡುಗಿಯ ಪಗಾರಕ್ಕೆ. ಚೌಕಾಶಿ ಮಾಡದೆ ಕೊಡಿ. ಹಮಾಲರಿಗೆ ಮಾತ್ರ 80 ಮುಂದುವರಿಯಲಿ ಎಂದಿದ್ದೇನೆ, ಒಪ್ಪಿದ್ದಾರೆ. ಹೋಗುವುದಿದ್ದರೆ ಹನ್ನೆರಡೂವರೆಯೊಳಗೆ ಹೋಗಿ, ಎರಡರ ಮೇಲೆ ಪುಂಡಿಪಲ್ಯ ಸಿಗುವುದಿಲ್ಲ. ಗಂಜ್ ರಜೆ ಇದ್ದ ದಿನ ಒಲೆ ಹಚ್ಚುವುದಿಲ್ಲ.